ಎಳ್ಕೊ, ಅದುಮು, ಸಿಡಿ, ಉಗಿ

ಇವನಿಗೆ ಎಂಜಿನ್ನಿನ ವಿಷಯ ಗೊತ್ತು ಎಂದು ಒಮ್ಮೆ ಹೆಸರಾಯಿತೆಂದರೆ ಆಮೇಲೆ ಊರಿನಲ್ಲಿ ಅವನಿಗೆ ನೆಮ್ಮದಿಯಿಲ್ಲ. ವೈದ್ಯಕೀಯ ಓದುವವನಿಗೆ ಜನ ನಾಡಿ ತೋರಿಸುತ್ತಾರೆ, ಲಾಯರಿ ಓದುವವನ ಮುಂದೆ ಬದುವಿನ ಜಗಳ ತರುತ್ತಾರೆ, ಅಲ್ಲಿಗೆ ಮುಗಿಯಿತು. ಎಂಜಿನಿಯರಿಂಗ್ ಓದುವವನ ಮುಂದೆ ಮಾತ್ರ ಲೋಕದಲ್ಲಿ ತಿರುಗುವುದೆಲ್ಲ, ತಿರುಗಬೇಕಾಗಿದ್ದು ತಿರುಗದೆ ನಿಂತದ್ದೆಲ್ಲ ಬಂದು ಬೀಳುತ್ತದೆ. ನಾನು ರಜೆಗೆ ಕೆರಗೋಡಿಗೆ ಬಂದರೆ ಸಾಕು, ನಮ್ಮ ಜಗುಲಿಯ ಮೇಲೆ ಒಂದು ಹೊಲಿಗೆ ಯಂತ್ರ, ಎರಡು ಗಡಿಯಾರ, ಒಂದು ಸಲವಂತೂ ಭಜನೆ ಮನೆಯ ಹಾರ್ಮೋನಿಯಂ ಕೂಡ ಬಂದು ಕೂತಿತ್ತು. ನಾನು ಪ್ರತಿಯೊಂದನ್ನೂ ಎತ್ತಿ, ಅಲ್ಲಾಡಿಸಿ, ಕಿವಿಗಿಟ್ಟುಕೊಂಡು, "ಇದಕ್ಕೊಂದು ಪಾರ್ಟು ಬೇಕು. ಯುದ್ಧ ಮುಗಿಯೋವರೆಗೆ ಸಿಗೋದಿಲ್ಲ" ಎಂದು ಹೇಳಿ ಹಿಂದಕ್ಕೆ ಕಳಿಸುತ್ತಿದ್ದೆ. ಯುದ್ಧ ಆಗ ಎಲ್ಲರಿಗೂ ಕಷ್ಟ ಕೊಟ್ಟಿತು. ನನಗೆ ಮಾತ್ರ ಬಹಳ ಉಪಕಾರ ಮಾಡಿತು.

ಈಗ ಸತ್ಯ ಹೇಳಿಬಿಡುತ್ತೇನೆ. ಮೋಟಾರು ಎಂಜಿನ್ನಿನ ಮೊದಲ ಪಾಠಗಳು ಎಂಬ ಒಂದು ಪತ್ರಿಕೆಯಲ್ಲಿ ನಾನು ಎರಡು ಸಲ ಫೇಲಾಗಿದ್ದೆ. ಕಾಲೇಜಿನಲ್ಲಿ ಹೊಟ್ಟೆ ಸೀಳಿಟ್ಟ ಒಂದು ಎಂಜಿನ್ನಿತ್ತು. ಒಳಗಿನ ಪಿಸ್ಟನ್ನು, ಕವಾಟ ಎಲ್ಲ ಕಣ್ಣಿಗೆ ಕಾಣುವಂತೆ ಕತ್ತರಿಸಿ ಬಣ್ಣ ಬಳಿದು ನಿಲ್ಲಿಸಿದ್ದರು. ಮೇಷ್ಟರು ಅದರ ಪಕ್ಕದಲ್ಲಿ ನಿಂತು, ಹಿಡಿ ತಿರುಗಿಸಿ ತಿರುಗಿಸಿ ಪಾಠ ಹೇಳುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಒಂದೇ ಬಿಳಿ ಪ್ಯಾಂಟು. ಎಣ್ಣೆ ತಾಕೀತು ಎಂಬ ಭಯ. ಪ್ಯಾಂಟು ಬೆಳ್ಳಗೆ ಉಳಿಯಿತು, ತಲೆಯೂ ಅಷ್ಟೇ ಬೆಳ್ಳಗೆ ಉಳಿಯಿತು. ಪುಸ್ತಕವನ್ನೇನೋ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದ್ದೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ, 'ಏರು ಹತ್ತುವಾಗ ಎಂಜಿನ್ನು ಸೊರಗಿದರೆ ಕಾರಣಗಳೇನು?' ಎಂದು ಕೇಳಿದ್ದರು. ಸೊರಗಿದ ಎಂಜಿನ್ನಿನ ಬಗ್ಗೆ ಪುಸ್ತಕದಲ್ಲಿ ಪುಟವೇ ಇರಲಿಲ್ಲ. ನಾನು ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಪಿಸ್ಟನ್ನು ಏರಿಳಿಯುವ ನಾಲ್ಕು ಹೊಡೆತಗಳನ್ನು ಕ್ರಮವಾಗಿ ಬರೆದು ಕೊಟ್ಟು ಬಂದೆ. ಎರಡನೆಯ ಸಲ ಪ್ರಶ್ನೆ ಬೇರೆ ಬಂತು, ನನ್ನ ಉತ್ತರ ಮಾತ್ರ ಅದೇ.

ಮೂರನೆಯ ಸಲವೂ ಹೋದರೆ ಕಾಲೇಜಿನ ಪಟ್ಟಿಯಿಂದ ಹೆಸರು ಹೊಡೆಯುತ್ತಿದ್ದರು. ನಮ್ಮಪ್ಪ ಬೈಯಲಿಲ್ಲ. ನಮ್ಮ ಕಡೆಯವರು ಬೈಯದಿದ್ದರೆ ವಿಷಯ ಕೈ ಮೀರಿದೆ ಎಂದೇ ಅರ್ಥ. "ಈ ಸಲಾನೂ ಆಗ್ನಿಲ್ಲ ಅಂದ್ರೆ ಬಂದ್ಬುಡ್ಲಾ. ಮಂಡ್ಯದಲ್ಲಿ ಕಬ್ಬು ತೂಗೋ ಕಡೆ ಸೇರುಸ್ತೀನಿ. ಅದೂ ಒಂದು ಮಿಸನ್ನೇ ಅಲ್ವಾ" ಎಂದರು. ಇದಕ್ಕಿಂತ ದೊಡ್ಡ ತೊಂದರೆ ನನ್ನ ಮಾವನವರದು. ಅವರು ಕೊಪ್ಪದ ಬೋರೇಗೌಡರು. ಮಳವಳ್ಳಿ ಕಡೆಯ ಜಮೀನ್ದಾರನೊಬ್ಬನ ಸಂಬಂಧ ಬಿಟ್ಟು, 'ಇಂಜಿನೇರ್ ಅಳಿಯನೇ ಬೇಕು' ಎಂದು ನನಗೆ ಹೆಣ್ಣು ಕೊಟ್ಟವರು. ಅವರಿಗೆ ನಮ್ಮವ್ವ, "ಯುದ್ಧ ಅಲ್ವಾ ಅಣ್ಣ, ಪರೀಕ್ಸೆ ಮುಂದಕ್ಕಾಕವ್ರೆ" ಎಂದು ಹೇಳಿಬಿಟ್ಟಿದ್ದಳು. ಎರಡನೆಯ ಸಲ ಫೇಲಾದಾಗ ಇನ್ನಷ್ಟು ಮುಂದಕ್ಕೆ ಹಾಕಿದಳು. ಪಾಪ, ಜರ್ಮನಿಯವರಿಗೆ ಈ ಅಪವಾದ ಗೊತ್ತೇ ಇಲ್ಲ.

ನನ್ನ ಹೆಂಡತಿ ದೇವೀರಮ್ಮನಿಗೆ ಮಾತ್ರ ನಾನೇ ನಿಜ ಹೇಳಿದೆ. ಅವಳು ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದಳು, ಕನ್ನಡದಲ್ಲಿ. ಅಳುತ್ತಾಳೆ ಎಂದುಕೊಂಡಿದ್ದೆ, ಸಮಾಧಾನ ಮಾಡಲು ನಾಲ್ಕು ಮಾತು ಸಿದ್ಧಪಡಿಸಿಕೊಂಡೂ ಇದ್ದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಿ, ಕೈ ಒದರಿ, "ನನ್ನ ಊರೆಲ್ಲ ಇಂಜಿನೇರ್ ಎಂಡ್ತಿ ಅಂತ ಕರೀತದೆ. ಅದು ಸುಳ್ಳಾಗ್ಬಾರ್ದು. ಪುಸ್ತಕ ತತ್ತನ್ನಿ" ಎಂದಳು. "ನಿನಗೆ ಇಂಗ್ಲಿಷ್ ಬರೋದಿಲ್ಲವಲ್ಲ" ಎಂದೆ. "ನಿಮ್ಗೆ ಬತ್ತದಲ್ಲ. ಓದಿ, ಕನ್ನಡದಲ್ಲಿ ಏಳಿ. ನಂಗೆ ತಿಳಿಯೋ ಗಂಟ ಬುಡಾಕಿಲ್ಲ" ಎಂದಳು.

ಬಿಡಲೂ ಇಲ್ಲ. ದಿನಾ ಬೆಳಗ್ಗೆ ಹಾಲು ಕರೆದ ಮೇಲೆ ಹಿತ್ತಲಲ್ಲಿ ನಮ್ಮ ಕ್ಲಾಸು. ಅವಳು ಬೀಸುವ ಕಲ್ಲಿನ ಮುಂದೆ, ನಾನು ಮಣೆಯ ಮೇಲೆ. ಕಾಗದಕ್ಕೆ ಬರ, ಒಂದು ಸಿಲಿಂಡರನ್ನೂ ಅದರೊಳಗೆ ಒಂದು ಪಿಸ್ಟನ್ನನ್ನೂ ಇದ್ದಿಲಿನಿಂದ ನೆಲದ ಮೇಲೆಯೇ ಬರೆಯುತ್ತಿದ್ದೆ. ಮೊದಲನೆಯ ದಿನ ಗತ್ತಿನಿಂದ ಹೇಳಿದೆ: "ಪಿಸ್ಟನ್ನು ಕೆಳಗಿಳಿಯುತ್ತೆ. ಆಗ ಸಕ್ಷನ್‌ನಿಂದ ಪೆಟ್ರೋಲೂ ಗಾಳಿಯೂ ಬೆರೆತು ಒಳಕ್ಕೆ ಬರುತ್ತೆ."

"ಯಾಕೆ ಬತ್ತದೆ?"

"ಸಕ್ಷನ್ ಅಂದೆನಲ್ಲ. ಎಳೆದುಕೊಳ್ಳುತ್ತೆ."

"ಎಳ್ಕೊಳ್ಳಾಕೆ ಅದಕ್ಕೇನು ಬಾಯದಾ, ಮೂಗದಾ? ತಗಡು ಅದೆಂಗೆ ಎಳ್ಕೊಂಡದು?"

ನಾನು ಪುಸ್ತಕ ತಿರುವಿದೆ. ಪುಸ್ತಕದಲ್ಲೂ 'ಎಳೆದುಕೊಳ್ಳುತ್ತದೆ' ಎಂದೇ ಇತ್ತು. ಎರಡು ವರ್ಷ ನಾನು ಇದನ್ನು ನೂರು ಸಲ ಓದಿದ್ದೆ. ಯಾಕೆ ಎಂದು ಒಂದು ಸಲವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. "ಅದು ಎಳೆದುಕೊಳ್ಳೋದಿಲ್ಲ. ಪಿಸ್ಟನ್ನು ಇಳಿದಾಗ ಒಳಗೆ ಜಾಗ ತೆರವಾಗುತ್ತೆ. ಹೊರಗಿನ ಗಾಳಿ ಅಲ್ಲಿಗೆ ತಾನೇ ನುಗ್ಗುತ್ತೆ" ಎಂದೆ. ಅವಳ ಮುಖ ಅರಳಿತು. ನನ್ನ ಮುಖವೂ ಅರಳುವಷ್ಟರಲ್ಲಿ, "ಅಂಗಾದ್ರೆ ಮಧ್ಯ ದಾರೀಲಿ ಎಲ್ಲಾದ್ರೂ ತೂತಿದ್ರೆ ಅಲ್ಲಿಂದಾನೂ ನುಗ್ತದಲ್ಲ?" ಎಂದಳು. ನಾನು, "ಅದು ನಮಗೆ ಪಾಠಕ್ಕಿಲ್ಲ, ಮುಂದಕ್ಕೆ ಹೋಗೋಣ" ಎಂದೆ. ಮೇಷ್ಟರುಗಳು ಇದನ್ನು ಯಾಕೆ ಹೇಳುತ್ತಾರೆ ಎಂಬುದು ಅವತ್ತು ನನಗೆ ಅರ್ಥವಾಯಿತು.

ನಾಲ್ಕು ಹೊಡೆತಗಳಿಗೆ ಅವಳೇ ಹೆಸರಿಟ್ಟಳು: ಎಳ್ಕೊ, ಅದುಮು, ಸಿಡಿ, ಉಗಿ. ಪಿಸ್ಟನ್ನು ಗಾಳಿಯನ್ನು ಎಳೆದುಕೊಳ್ಳುವುದಿಲ್ಲ ಎಂದು ತೀರ್ಮಾನವಾಗಿದ್ದರೂ ಹೇಳಲು ಅನುಕೂಲ ಎಂದು ಮೊದಲನೆಯದನ್ನು ಹಾಗೇ ಉಳಿಸಿಕೊಂಡಳು. ನಾನು ಇದನ್ನು ಜೋರಾಗಿ ಹೇಳಬೇಕು, ಹೇಳುತ್ತಾ ನೆಲದ ಚಿತ್ರದಲ್ಲಿ ಆಯಾ ಜಾಗಕ್ಕೆ ಕಡ್ಡಿ ಇಡಬೇಕು, ತಪ್ಪಿದರೆ ಮೊದಲಿನಿಂದ. ಒಂದು ವಾರ ಕಳೆದ ಮೇಲೆ ಪಕ್ಕದ ಮನೆಯ ಕೆಂಪಮ್ಮ ನಮ್ಮವ್ವನನ್ನು ಕರೆದು, "ಗಂಡ ಎಂಡ್ತಿ ಬೆಳಬೆಳಗ್ಗೇನೇ 'ಅದುಮು, ಸಿಡಿ, ಉಗಿ' ಅಂತ ಕಿತ್ತಾಡ್ತಾವ್ರಲ್ಲ, ನೀನು ಕೇಳಾಕಿಲ್ವಾ?" ಎಂದು ವಿಚಾರಿಸಿದರಂತೆ. ನಮ್ಮವ್ವ, "ಅವ್ರು ಓದ್ಕತಾವ್ರೆ ಕಣಮ್ಮ" ಎಂದದ್ದಕ್ಕೆ ಕೆಂಪಮ್ಮ, ಸೊಸೆಯನ್ನು ವಹಿಸಿಕೊಂಡು ಮಾತಾಡುವ ಅತ್ತೆಯನ್ನು ಇಲ್ಲಿಯೇ ನೋಡಿದ್ದು ಎಂದು ಮೆಚ್ಚಿ ಹೋದರಂತೆ.

ಹೀಗಿರುವಾಗ ದೇವೀರಮ್ಮನ ತಂಗಿಗೆ ಮಳವಳ್ಳಿಯಲ್ಲಿ ಸಂಬಂಧ ಕುದುರಿತು. ನಿಶ್ಚಿತಾರ್ಥಕ್ಕೆ ನಾವಿಬ್ಬರೂ ಹೊರಟೆವು. ಮಂಡ್ಯದಲ್ಲಿ ರೈಲು ಹತ್ತಿದೆವು. ಯಲಿಯೂರು ದಾಟುವಾಗ ಅವಳು ಕಿಟಕಿಯಿಂದ ಆಚೆ ನೋಡುತ್ತಲೇ ಮೆಲ್ಲಗೆ, "ಎಂಜಿನ್ ಕಾಯದಂಗೆ ತಣ್ಣೀರು ಎಂಗೆ ತಿರುಗ್ತದೆ ಏಳಿ" ಎಂದು ಕೇಳಿದಳು. ಎದುರು ಕೂತಿದ್ದ ಮುದುಕರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಮದ್ದೂರಿನಲ್ಲಿ ಇಳಿದಾಗ ಕೊಪ್ಪದಿಂದ ಬಂದ ಮಾವನವರು ಬಸ್ಸಿನ ಹತ್ತಿರ ಕಾಯುತ್ತಿದ್ದರು. ಉಳಿದವರು ಹಿಂದಿನ ದಿನವೇ ಹೋಗಿದ್ದರು.

ಆಗ ಪೆಟ್ರೋಲು ಸಿಗುತ್ತಿರಲಿಲ್ಲವಾಗಿ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂದೆ ಆಳೆತ್ತರದ ಒಂದು ಪೀಪಾಯಿ. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿದರೆ ಒಂದು ಬಗೆಯ ಅನಿಲ ಹುಟ್ಟುತ್ತದೆ. ಅದು ಬಸ್ಸಿನ ಅಡಿಯ ಕೊಳವೆಯಲ್ಲಿ ಎಂಜಿನ್ನಿಗೆ ಬಂದು, ಪೆಟ್ರೋಲಿನ ಕೆಲಸವನ್ನು ಗೊಣಗುತ್ತಾ ಮಾಡುತ್ತದೆ. ಆ ಬಸ್ಸಿನ ಡ್ರೈವರು, ಮೆಕ್ಯಾನಿಕ್ಕು, ಇದ್ದಿಲು ಹಾಕುವವರು ಎಲ್ಲ ಒಬ್ಬರೇ, ಮದ್ದೂರಿನ ಗಫೂರ್ ಸಾಬರು. ನೆರೆತ ಗಡ್ಡ, ಮಸಿ ಹಿಡಿದ ಕೈ, ಬಸ್ಸಿನೊಡನೆ ಸದಾ ಉರ್ದುವಿನಲ್ಲಿ ಮಾತು.

ಮದ್ದೂರು ಬಿಟ್ಟು ಅರ್ಧ ದಾರಿಯೂ ಆಗಿರಲಿಲ್ಲ. ಒಂದು ಏರಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತಿತು. ಸಾಬರು ಇಳಿದು ಬೂದಿ ಕೆದಕಿದರು, ಇದ್ದಿಲು ಹಾಕಿದರು, ಪೀಪಾಯಿ ತಟ್ಟಿದರು. ಹಿಡಿ ತಿರುಗಿಸಿದರೆ ಎಂಜಿನ್ನು ನಾಲ್ಕು ಉಸಿರು ಬಿಟ್ಟು ಮತ್ತೆ ತಣ್ಣಗೆ. "ಬೆಂಕಿ ಚೆನ್ನಾಗದೆ, ಇದ್ದಿಲು ಚೆನ್ನಾಗದೆ. ಇದಕ್ಕೇನು ಬಂತೋ ಖುದಾಗೇ ಗೊತ್ತು" ಎಂದು ಕೈಚೆಲ್ಲಿದರು. ಆಗ ನಾನು ಹೆದರಿದ್ದ ಮಾತು ಬಂತು. ಮಾವನವರು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ, "ಯಾರೂ ಗಾಬ್ರಿ ಆಗ್ಬೇಡಿ. ನಮ್ಮ ಅಳಿಯಂದ್ರು ಇಂಜಿನೇರು. ನೋಡ್ತಾರೆ ಬುಡಿ" ಎಂದರು.

ಮೂವತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನಾನು ಇಳಿದೆ. ಎಂಜಿನ್ನಿನ ಮುಚ್ಚಳ ತೆಗೆದಿತ್ತು. ಕಾಲೇಜಿನ ಎಂಜಿನ್ನಿಗೆ ಕೆಂಪು, ನೀಲಿ ಬಣ್ಣಗಳಿದ್ದವು. ಇದಕ್ಕೆ ಇದ್ದದ್ದು ಒಂದೇ ಬಣ್ಣ, ಮಸಿಯದು. ಯಾವುದು ಯಾವುದೆಂದೇ ತಿಳಿಯಲಿಲ್ಲ. ಗಂಭೀರವಾಗಿ ಬಗ್ಗಿ ನೋಡಿದೆ. ಎದ್ದು ಆಕಾಶ ನೋಡಿದೆ. ಮತ್ತೆ ಬಗ್ಗಿದೆ. ಪಾರ್ಟು ಸಿಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿಶ್ಚಿತಾರ್ಥದ ಹೊತ್ತು ಮೀರುತ್ತಿತ್ತು, ಯುದ್ಧ ಮುಗಿಯುವವರೆಗೆ ಅಲ್ಲಿ ಕೂರುವಂತಿರಲಿಲ್ಲ.

ಅಷ್ಟರಲ್ಲಿ ದೇವೀರಮ್ಮ ಕೆಳಗಿಳಿದು, ನೀರಿನ ಚೆಂಬು ಕೊಡುವ ನೆಪದಲ್ಲಿ ಪಕ್ಕಕ್ಕೆ ಬಂದಳು. ಅಪ್ಪನ ಮುಂದೆ, ಅಷ್ಟು ಗಂಡಸರ ಮುಂದೆ ಗಟ್ಟಿಯಾಗಿ ಮಾತಾಡುವಂತಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, "ಅಡೀಲಿ ಎಲ್ಲೋ ಸುಯ್ ಅಂತ ಅಂತಿತ್ತು, ನಾನು ಆಗ್ಲಿಂದ ಕೇಳ್ತಾ ಇವ್ನಿ. ಕೊಳವೇಲಿ ತೂತದೆ. ಬರೀ ಗಾಳಿ ನುಗ್ತದೆ. ಹೊಗೆ ಹಿಡಿದು ನೋಡಿ ಅನ್ನಿ, ಹೊಗೆ ಎಲ್ಲಿ ಒಳಿಕ್ಕೋಯ್ತದೋ ಅಲ್ಲೇ ತೂತು" ಎಂದಳು.

ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಸಾಬರೇ, ಅಡಿಯ ಕೊಳವೆಯಲ್ಲಿ ರಂಧ್ರವಿದೆ. ಹೊಗೆ ಹಿಡಿದು ಪರೀಕ್ಷಿಸಿ" ಎಂದೆ. 'ತೂತು' ಎನ್ನುವುದನ್ನು 'ರಂಧ್ರ' ಎಂದು ತಿದ್ದಿದ್ದು ಮಾತ್ರ ನನ್ನ ಸ್ವಂತದ್ದು.

ಸಾಬರ ಕಣ್ಣು ಅಗಲವಾಯಿತು. "ಅರೆ, ಹೌದಲ್ಲ!" ಎಂದವರೇ ಒಬ್ಬ ಪ್ರಯಾಣಿಕನ ಬಾಯಿಯ ಬೀಡಿಯನ್ನು ಬೇಡಿ ತೆಗೆದುಕೊಂಡು ಬಸ್ಸಿನ ಅಡಿಗೆ ನುಗ್ಗಿದರು. ಇನ್ನೊಬ್ಬರು ಹಿಡಿ ತಿರುಗಿಸಿದರು. ಸಾಬರು ಕೊಳವೆಯ ಉದ್ದಕ್ಕೂ ಹೊಗೆ ಬಿಡುತ್ತಾ ಬಂದರು. ರಬ್ಬರಿನ ಕೂಡುಕೊಳವೆಯ ಹತ್ತಿರ ಹೊಗೆ ಸರ್ರನೆ ಒಳಕ್ಕೆ ಹೋಯಿತು. ರಬ್ಬರು ಸೀಳಿತ್ತು. ಹೊಸ ರಬ್ಬರಿಗೆ ಎಲ್ಲಿ ಹೋಗುವುದು? ಮುಂದಿನ ಸೀಟಿನ ಒಬ್ಬ ಅಜ್ಜಿಯ ಬುತ್ತಿಯಲ್ಲಿ ರಾಗಿಮುದ್ದೆ ಇತ್ತು. ಸಾಬರು ಕೈಮುಗಿದು ಕೇಳಿದರು. "ನನ್ನ ಇಟ್ಟ ಬಸ್ಸಿಗೆ ತಿನ್ನುಸ್ತೀರಾ? ನಾನೇನು ತಿನ್ಲಿ?" ಎಂದು ಅಜ್ಜಿ ಬುತ್ತಿಯನ್ನು ಅಪ್ಪಿಕೊಂಡಿತು. ಮಾವನವರು, "ಮಳವಳ್ಳೀಲಿ ನಿಂಗೆ ಪಾಯಸದೂಟ ಆಕುಸ್ತೀನಿ, ಕೊಡಮ್ಮೋ" ಎಂದ ಮೇಲೆ, "ಅರ್ಧ ಮಾತ್ರ" ಎಂದು ಮುರಿದುಕೊಟ್ಟಿತು. ಸಾಬರು ಮುದ್ದೆಯನ್ನು ಸೀಳಿಗೆ ಮೆತ್ತಿ, ಮೇಲೆ ಒದ್ದೆ ಬಟ್ಟೆ ಸುತ್ತಿ, ಹುರಿ ಬಿಗಿದರು. ಎಂಜಿನ್ನು ಗುರುಗುಟ್ಟಿ ಎದ್ದಿತು. ಬಸ್ಸಿನ ತುಂಬ ಚಪ್ಪಾಳೆ, ಎಲ್ಲ ನನಗೆ. ನಾನು ಬೇಡ ಬೇಡ ಎಂಬಂತೆ ಕೈ ಆಡಿಸಿದೆ, ಆದರೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ದೇವೀರಮ್ಮ ಖಾಲಿ ಚೆಂಬು ತೆಗೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು. ಆಮೇಲೆ ದಾರಿಯಲ್ಲಿ ನನಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರಶ್ನೆ ಕೇಳದಿದ್ದರೆ ಇಷ್ಟು ಕಷ್ಟವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಳವಳ್ಳಿಯಲ್ಲಿ ಮಾವನವರು ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿದರು. ಚಪ್ಪರದ ಬಾಗಿಲಲ್ಲಿ ಹೇಳುವಾಗ ಕಥೆಯಲ್ಲಿ ಬಸ್ಸು ಬರೀ ನಿಂತಿತ್ತು. ತಾಂಬೂಲದ ಹೊತ್ತಿಗೆ ಬಸ್ಸು ಹಿಂದಕ್ಕೆ ಉರುಳುತ್ತಿತ್ತು. ಊಟದ ಹೊತ್ತಿಗೆ ಬಸ್ಸಿಗೆ ಬೆಂಕಿ ಬಿದ್ದಿತ್ತು, ನಾನು ಬರಿಗೈಯಲ್ಲಿ ಆರಿಸಿದ್ದೆ. ಪಂಕ್ತಿಯಲ್ಲಿ ನನ್ನ ಎದುರಿಗೆ ಗಂಡಿನ ಸೋದರಮಾವ ಕೂತಿದ್ದರು, ಸ್ಕೂಲು ಮೇಷ್ಟರು. ಅವರು ಮೆಚ್ಚಿಕೊಂಡು, "ಯಾವ ಕ್ಲಾಸಿನಲ್ಲಿ ಪಾಸಾಯಿತು?" ಎಂದು ಕೇಳಿದರು.

"ಯುದ್ಧ ಅಲ್ವಾ, ಪರೀಕ್ಸೆ ಮುಂದಕ್ಕಾಕವ್ರೆ" ಎಂದರು ಮಾವನವರು ನನ್ನ ಪರವಾಗಿ.

"ಹಾಗೇನಿಲ್ಲವಲ್ಲ? ನಮ್ಮಣ್ಣನ ಮಗ ಅಲ್ಲೇ ಓದೋದು. ಅವನದು ಎರಡು ವರ್ಷವೂ ಸರಿಯಾಗಿ ಆಯಿತಲ್ಲ" ಎಂದರು ಮೇಷ್ಟರು, ನಿಜವಾಗಿಯೂ ಆಶ್ಚರ್ಯದಿಂದ.

ಮಾವನವರ ತುತ್ತು ಕೈಯಲ್ಲೇ ನಿಂತಿತು. ಎಲೆಗೆ ತುಪ್ಪ ಹಾಕುತ್ತಾ ಬರುತ್ತಿದ್ದ ದೇವೀರಮ್ಮ ಮೂರು ಎಲೆ ಆಚೆ ನಿಂತು ನನ್ನನ್ನೇ ನೋಡಿದಳು. ಸುಳ್ಳು ಹೇಳಲು ನನಗೆ ಜಾಗವಿತ್ತು. ನನ್ನ ವಿಭಾಗವೇ ಬೇರೆ ಎನ್ನಬಹುದಿತ್ತು, ಕಾಯಿಲೆ ಎನ್ನಬಹುದಿತ್ತು. ಆದರೆ ಆ ಮುಖ ನೋಡಿದ ಮೇಲೆ ಸಾಕೆನಿಸಿತು. "ಪರೀಕ್ಷೆ ಆಯಿತು. ನಾನು ಎರಡು ಸಲ ಫೇಲಾಗಿದ್ದೇನೆ. ಇನ್ನೊಂದೇ ಸಲ ಉಳಿದಿರೋದು. ಬಸ್ಸು ಸರಿಮಾಡಿದ್ದೂ ನಾನಲ್ಲ, ಇವಳು. ಇವಳು ಹೇಳಿದ್ದನ್ನು ನಾನು ಗಟ್ಟಿಯಾಗಿ ಹೇಳಿದೆ, ಅಷ್ಟೇ" ಎಂದೆ.

ಯಾರೋ ಕೆಮ್ಮಿದರು. ಮೇಷ್ಟರು ಮಾತ್ರ, "ಹುಡುಗಿ ಮನೆಯವರು ನಿಜ ಹೇಳ್ತಾರೆ ಅಂತಾಯಿತು. ಒಳ್ಳೆಯದೇ. ತುಪ್ಪ ಹಾಕಮ್ಮ" ಎಂದು ಎಲೆ ತೋರಿಸಿದರು. ಊಟ ಮುಂದುವರಿಯಿತು, ನನಗೆ ಮಾತ್ರ ಪಾಯಸದ ರುಚಿ ತಿಳಿಯಲಿಲ್ಲ. ಕೈ ತೊಳೆಯುವಲ್ಲಿ ಮಾವನವರು ಹಿಂದಿನಿಂದ ಬಂದರು.

"ಎರಡು ಸಲಾನಾ?"

"ಹೂಂ."

"ಅವ್ಳಿಗೆ ಎಂಜಿನ್ ವಿಸ್ಯ ಯಾರು ಕಲಿಸ್ದೋರು?"

"ನಾನೇ ಹೇಳಿಕೊಟ್ಟೆ."

ಅವರು ಬಹಳ ಹೊತ್ತು ಮೀಸೆ ಒರೆಸಿಕೊಂಡರು. "ಅಂದ್ರೆ ನಿಮ್ಗೆ ಏಳ್ಕೊಡಾಕೆ ಬತ್ತದೆ, ಕೈಯಿಕ್ಕಾಕೆ ಬರಾಕಿಲ್ಲ. ಆಗ್ಲಿ, ನಡೀರಿ" ಎಂದರು. ಬೈಯಲಿಲ್ಲ. ವಿಷಯ ಕೈ ಮೀರಿತು ಎಂದುಕೊಂಡೆ.

ಹಿಂದಿರುಗುವಾಗ ಅದೇ ಬಸ್ಸು. ಮದ್ದೂರಿನಲ್ಲಿ ಇಳಿದ ಮೇಲೆ ಮಾವನವರು ನನ್ನ ರಟ್ಟೆ ಹಿಡಿದು ಗಫೂರ್ ಸಾಬರ ಮುಂದೆ ನಿಲ್ಲಿಸಿದರು. "ಸಾಬ್ರೇ, ಈ ನಮ್ಮ ಅಳಿಯಂದ್ರನ್ನ ಹದಿನೈದು ದಿನ ನಿಮ್ಮ ಬಸ್ಸಲ್ಲಿ ಇಟ್ಕೊಳಿ. ಇದ್ದಿಲು ಆಕ್ಲಿ, ಬೂದಿ ತೆಗೀಲಿ, ಏನೇಳ್ತೀರೋ ಮಾಡ್ಲಿ. ಮೈಕೈ ಮಸಿಯಾಗ್ದೆ ಮನೇಗೆ ಕಳುಸ್ಬೇಡಿ."

ಸಾಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಈ ಬಿಳಿ ಪ್ಯಾಂಟು ಬೇಡ ಸ್ವಾಮಿ. ನಾಳೆ ಹಳೇ ಪಂಚೆ ಉಟ್ಕೊಂಡು ಬನ್ನಿ" ಎಂದರು.

ಹದಿನೈದು ದಿನ ನಾನು ಮದ್ದೂರು ಮಳವಳ್ಳಿಯ ನಡುವೆ ಇದ್ದಿಲು ಹಾಕಿದೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲರೂ ಒಂದಲ್ಲ ಒಂದು ದಿನ ಆ ಬಸ್ಸು ಹತ್ತಿ ನನ್ನನ್ನು ಮಾತಾಡಿಸಿದರು. ಮೊದಲ ದಿನ ಮುಖ ತಿರುಗಿಸಿದೆ. ಮೂರನೆಯ ದಿನದಿಂದ ಅದಕ್ಕೂ ಪುರುಸೊತ್ತಿರಲಿಲ್ಲ. ಸಾಬರು ನನ್ನ ಕೈಯಲ್ಲೇ ಎಲ್ಲ ಬಿಚ್ಚಿಸಿದರು, ನನ್ನ ಕೈಯಲ್ಲೇ ಕೂಡಿಸಿದರು. ಒಂದು ತಿರುಪು ಮಿಕ್ಕರೆ ಮತ್ತೆ ಬಿಚ್ಚಿಸಿದರು. "ಪೆಟ್ರೋಲು ಮುಂಗೋಪಿ, ಕಿಡಿ ಬಿದ್ದ ತಕ್ಷಣ ಸಿಡಿಯತ್ತೆ. ಈ ಇದ್ದಿಲ ಗ್ಯಾಸು ಸೋಮಾರಿ. ಇದಕ್ಕೆ ಕಿಡಿ ಇನ್ನೊಂದು ಚೂರು ಮುಂಚೆ ಕೊಡ್ಬೇಕು" ಎಂದು ಅವರು ಹೇಳಿ, ಕಿಡಿಯ ಹೊತ್ತನ್ನು ಹಿಂದೆ ಮುಂದೆ ಸರಿಸಿ, ಎಂಜಿನ್ನಿನ ದನಿ ಬದಲಾಗುವುದನ್ನು ನನಗೆ ಕೇಳಿಸಿದರು. ಎರಡು ವರ್ಷ ಪುಸ್ತಕದಲ್ಲಿ ಸತ್ತು ಮಲಗಿದ್ದ ಒಂದು ವಾಕ್ಯ ಅವತ್ತು ನನ್ನ ಕಿವಿಗೆ ಕೇಳಿಸಿತು. ಸಂಜೆ ಕೊಪ್ಪಕ್ಕೆ ಹೋದರೆ ಮಾವನ ಮನೆಯ ಜಗುಲಿಯ ಮೇಲೆ ದೇವೀರಮ್ಮ. "ಇವತ್ತೇನು ಬಿಚ್ಚುದ್ರಿ? ಅದ್ಯಾಕೆ ಅಲ್ಲೇ ಅದೆ? ಅದು ಇಲ್ದಿದ್ರೆ ಏನಾಯ್ತದೆ?" ಅವಳು ಮತ್ತೆ ಪ್ರಶ್ನೆ ಕೇಳತೊಡಗಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಮೂರನೆಯ ಸಲ ಪರೀಕ್ಷೆಗೆ ಹೋದೆ. ಈ ಸಲದ ಪ್ರಶ್ನೆಗಳೂ ಪುಸ್ತಕದಲ್ಲಿ ಇರಲಿಲ್ಲ. ಆದರೆ ಬಸ್ಸಿನಲ್ಲಿ ಇದ್ದವು. ಬಾಯಿಮಾತಿನ ಪರೀಕ್ಷೆಯಲ್ಲಿ ಒಬ್ಬರು ನನ್ನ ಉಗುರುಗಳ ಸಂದಿಯ ಕಪ್ಪನ್ನು ನೋಡಿ, "ಎಲ್ಲಿ ತರಬೇತಿ ಮಾಡಿದಿರಿ?" ಎಂದು ಕೇಳಿದರು. "ಮದ್ದೂರಿನಲ್ಲಿ, ಒಬ್ಬ ಮೆಕ್ಯಾನಿಕ್ಕರ ಹತ್ತಿರ" ಎಂದೆ. ಅದಕ್ಕೂ ಮುಂಚೆ ಕೆರಗೋಡಿನಲ್ಲಿ, ರಾಗಿ ಬೀಸುವ ಕಲ್ಲಿನ ಹತ್ತಿರ ಎಂದು ಸೇರಿಸುವ ಧೈರ್ಯ ಬರಲಿಲ್ಲ.

ಪಾಸಾಯಿತು. ದೊಡ್ಡ ಕ್ಲಾಸೇನಲ್ಲ, ಆದರೆ ಪಾಸು. ಮಾವನವರು ಕೊಪ್ಪದಲ್ಲಿ ಸಕ್ಕರೆ ಹಂಚಿದರು. ನಮ್ಮಪ್ಪ ಕಬ್ಬು ತೂಗುವ ಕಡೆಯವರಿಗೆ, ನಮ್ಮ ಹುಡುಗ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಅವರು ನನ್ನನ್ನು ಕರೆದಿದ್ದೇ ಇಲ್ಲ, ಅದು ಬೇರೆ ವಿಷಯ. ನಾನು ಮುಂದಿನ ತರಗತಿಗೆ ಸೇರಿ, ಮೊದಲ ರಜೆಗೆ ಕೆರಗೋಡಿಗೆ ಬಂದೆ. ಮಗನ ಪೆಟ್ಟಿಗೆ ಮನೆಗೆ ಬಂದರೆ ಬಟ್ಟೆ ಒಗೆಯಲು ತೆಗೆಯುತ್ತಾರೆ ಎಂಬುದು ನನಗೆ ಮರೆತೇ ಹೋಗಿತ್ತು. ದೇವೀರಮ್ಮ ಬಟ್ಟೆ ತೆಗೆದಳು. ಅಡಿಯಲ್ಲಿ, ಟವಲಿನಲ್ಲಿ ಸುತ್ತಿಟ್ಟ ಒಂದು ಪುಸ್ತಕ ಸಿಕ್ಕಿತು. ಇಟ್ಟಿಗೆಯಷ್ಟು ದಪ್ಪ.

"ಇದ್ಯಾಕೆ ಅಡಗಿಸಿಟ್ಟಿದ್ರಿ?"

"ಅಡಗಿಸಿಲ್ಲ. ಧೂಳಾಗದಿರಲಿ ಅಂತ. ಮೋಟಾರು ಎಂಜಿನ್ನು, ಎರಡನೆಯ ಭಾಗ."

ಅವಳು ಅಕ್ಷರಗಳನ್ನು ಬಿಟ್ಟು ಚಿತ್ರಗಳನ್ನು ತಿರುವುತ್ತಾ ಹೋದಳು. ಒಂದು ಪುಟದಲ್ಲಿ ನಿಂತು, ಬೆರಳಿಟ್ಟು ಎಣಿಸಿದಳು. "ಇದ್ರಲ್ಲಿ ಆರು ಪಿಸ್ಟನ್ ಅವೆ" ಎಂದಳು. ಆಮೇಲೆ ತಲೆಯೆತ್ತಿ, ಸ್ವಲ್ಪವೂ ನಗದೆ, "ಒಂದು ಪಿಸ್ಟನ್‌ಗೆ ಮೂರು ಸಲ ಪರೀಕ್ಸೆ ಅಂದ್ರೆ, ಆರಕ್ಕೆ ಎಷ್ಟಾಯ್ತದೆ?" ಎಂದು ಕೇಳಿದಳು.

ಲೆಕ್ಕದಲ್ಲಿ ನಾನು ಎಂದೂ ಫೇಲಾದವನಲ್ಲ. ಉತ್ತರ ತಕ್ಷಣ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳುವುದು ಬೇಡವೆಂದು, ಹಿತ್ತಲಿಗೆ ಹೋಗಿ ಮಣೆ ಹಾಕಿಕೊಂಡು ಕೂತೆ.